ತೆರೆಯ ಮೇಲಿನ ಅಂಧನಿಗೆ ಕಪ್ಪು ಕನ್ನಡಕ ಎಲ್ಲಿಂದ ಬಂತು?

ಸಿನಿಮಾದಲ್ಲೋ ಧಾರಾವಾಹಿಯಲ್ಲೋ ಕಣ್ಣು ಕಾಣದ ಪಾತ್ರವೊಂದು ಮೊದಲ ಸಲ ತೆರೆಗೆ ಬರುವ ದೃಶ್ಯವನ್ನು ನೆನಪಿಸಿಕೊಳ್ಳಿ. ಕಪ್ಪು ಕನ್ನಡಕ, ಆಕಾಶ ನೋಡುವಂತೆ ಮೇಲೆತ್ತಿದ ಗಲ್ಲ, ಗಾಳಿಯಲ್ಲಿ ತಡಕಾಡುವ ಕೈ, ಟಕ್ ಟಕ್ ಎಂದು ನೆಲ ಕುಟ್ಟುವ ಕೋಲು, ಹಿಂದೆ ಅಳುವ ಪಿಟೀಲು. ಭಾಷೆ ಯಾವುದೇ ಇರಲಿ, ಚಿತ್ರ ಹಳೆಯದಿರಲಿ ಹೊಸದಿರಲಿ, ಈ ಐದರಲ್ಲಿ ಎರಡು ಮೂರಾದರೂ ಬಂದೇ ಬರುತ್ತವೆ. ಬಸ್ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ ದಿನಾ ಓಡಾಡುವ ಅಂಧರನ್ನು ಹತ್ತು ನಿಮಿಷ ಗಮನಿಸಿದವರಿಗೆ ಇದರಲ್ಲಿ ಹೆಚ್ಚಿನದು ಸುಳ್ಳೆಂದು ತಿಳಿಯುತ್ತದೆ. ಆದರೂ ಅದೇ ರೂಪ ಮರಳಿ ಮರಳಿ ಬರುತ್ತದೆ. ಇದಕ್ಕೆ ಕಾರಣ ಯಾರದೋ ಕೆಟ್ಟ ಮನಸ್ಸು ಎಂದುಕೊಂಡರೆ ರೋಗ ಗೊತ್ತಾಗುವುದಿಲ್ಲ. ಕಾರಣ ಇರುವುದು ಮನರಂಜನೆ ತಯಾರಾಗುವ ಕ್ರಮದಲ್ಲಿ.

2011ರ ಜನಗಣತಿಯಲ್ಲಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವೈಕಲ್ಯವಿರುವವರು ಲೆಕ್ಕಕ್ಕೆ ಸಿಕ್ಕಿದ್ದರು. ಆಗ ಕೇಳಿದ್ದು ಎಂಟು ಬಗೆಗಳನ್ನು ಮಾತ್ರ. 2016ರ ಅಂಗವೈಕಲ್ಯವುಳ್ಳವರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿತು. ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ದೊಡ್ಡದು. ಇಷ್ಟು ದೊಡ್ಡ ಜನಸಮೂಹದ ಬಗ್ಗೆ ಉಳಿದವರಿಗೆ ಗೊತ್ತಿರುವುದರಲ್ಲಿ ಬಹುಪಾಲು ತೆರೆಯಿಂದ ಬಂದದ್ದು ಎಂಬುದೇ ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಕಾರಣ. ಕೆಲಸ ಕೊಡುವವನು, ಬಾಡಿಗೆಗೆ ಮನೆ ಕೊಡುವವನು, ಸಂಬಂಧ ನೋಡುವವನು, ಎಲ್ಲರೂ ಪ್ರೇಕ್ಷಕರೇ.

ಒಂದು ಸಾಲಿನಿಂದ ಶುರುವಾಗುವ ತಪ್ಪು

ಪಾತ್ರ ಹುಟ್ಟುವುದು ಕಥೆ ಚರ್ಚೆಯ ಕೋಣೆಯಲ್ಲಿ, ಒನ್‌ಲೈನ್ ಹೇಳುವಾಗ: "ಹೀರೋಗೆ ಒಬ್ಬಳು ಕಣ್ಣಿಲ್ಲದ ತಂಗಿ." ಅವಳ ವಯಸ್ಸೆಷ್ಟು, ಏನು ಓದಿದ್ದಾಳೆ, ಸಿಟ್ಟು ಬಂದರೆ ಏನು ಮಾಡುತ್ತಾಳೆ, ಹುಟ್ಟಿನಿಂದ ಕಾಣದೋ ನಡುವೆ ಹೋದದ್ದೋ, ಸ್ವಲ್ಪವಾದರೂ ಕಾಣುತ್ತದೋ, ಇದಾವುದೂ ಆ ಸಾಲಿನಲ್ಲಿಲ್ಲ. ಆ ಬರಿದಾದ ಸಾಲು ಸಂಭಾಷಣೆ ಬರೆಯುವವರ ಕೈಗೆ ಹೋಗುತ್ತದೆ. ಅವರು ಅದಕ್ಕೆ ಎರಡು ಕಣ್ಣೀರಿನ ಮಾತು ಬರೆಯುತ್ತಾರೆ. ವಸ್ತ್ರ ವಿಭಾಗ ಕಪ್ಪು ಕನ್ನಡಕ ತರುತ್ತದೆ, ಏಕೆಂದರೆ ಕಳೆದ ಚಿತ್ರದಲ್ಲೂ ಅದನ್ನೇ ಕೇಳಿದ್ದರು. ಸೆಟ್ಟಿನ ಸಾಮಾನು ಒದಗಿಸುವ ಪ್ರಾಪರ್ಟಿಯವರು ಬೆತ್ತದ ಕೋಲು ಕೊಡುತ್ತಾರೆ. ಕಲಾವಿದೆಗೆ ಪಾತ್ರ ಗೊತ್ತಾಗುವುದು ಹಿಂದಿನ ದಿನ. ಸೆಟ್ಟಿನಲ್ಲಿ ನಿರ್ದೇಶಕರು "ಸ್ವಲ್ಪ ಮೇಲೆ ನೋಡಿ" ಎನ್ನುತ್ತಾರೆ. ಹಿನ್ನೆಲೆ ಸಂಗೀತ ಸೇರಿಸುವ ರೀ-ರೆಕಾರ್ಡಿಂಗ್ ವೇಳೆಗೆ ಪಿಟೀಲು ತಾನಾಗಿ ಬರುತ್ತದೆ. ಪ್ರತಿಯೊಬ್ಬರೂ ಸಿಕ್ಕ ಸಮಯದಲ್ಲಿ ತಮ್ಮ ಕೆಲಸ ಮುಗಿಸಿದ್ದಾರೆ. ಮೊದಲ ಸಾಲಿನಲ್ಲಿ ಬಿಟ್ಟ ಖಾಲಿ ಜಾಗವನ್ನು ಒಬ್ಬೊಬ್ಬರೂ ಹಿಂದಿನ ಸಿನಿಮಾದ ನೆನಪಿನಿಂದ ತುಂಬಿದ್ದಾರೆ, ಅಷ್ಟೇ. ದಿನಕ್ಕೊಂದು ಕಂತು ಮುಗಿಸಿ ವಾಹಿನಿಗೆ ಕಳಿಸಬೇಕಾದ ಧಾರಾವಾಹಿಯಲ್ಲಿ ಈ ಒತ್ತಡ ಇನ್ನೂ ಹೆಚ್ಚು.

ಹೀಗೆ ಹುಟ್ಟಿದ ಪಾತ್ರಕ್ಕೆ ಕಥೆಯಲ್ಲಿ ಸಿಗುವ ಕೆಲಸವೂ ಲೆಕ್ಕದ್ದು. ನಾಯಕ ಒಳ್ಳೆಯವನೆಂದು ತೋರಿಸಲು ಕರುಣೆ ಪಡೆಯುವುದು, ಕಾಮಿಡಿ ಟ್ರ್ಯಾಕಿನಲ್ಲಿ ಎಡವಿ ಬೀಳುವುದು, ಕೆಡುಕಿನ ಗುರುತಾಗಿ ಕುಂಟುವುದು, ಪಾಪದ ಫಲವಾಗಿ ಕೊನೆಯಲ್ಲಿ ಕಾಲು ಕಳೆದುಕೊಳ್ಳುವುದು, ಇಲ್ಲವೆ ಪವಾಡವಾಗಿ ಕ್ಲೈಮ್ಯಾಕ್ಸಿನಲ್ಲಿ ಎದ್ದು ನಿಲ್ಲುವುದು. ಮಂಥರೆಯ ಗೂನಿನಿಂದ ಹಿಡಿದು ಟಿವಿ ಶಕುನಿಯ ಕುಂಟುಗಾಲಿನವರೆಗೆ ದೇಹದ ಓರೆಯನ್ನು ಮನಸ್ಸಿನ ಓರೆಯ ಸಂಕೇತವಾಗಿ ಓದುವ ಅಭ್ಯಾಸ ನಮ್ಮಲ್ಲಿ ಹಳೆಯದು. "ಕುಂಟನಿಗೆ ಎಂಟು ಚೇಷ್ಟೆ" ಎಂಬ ಗಾದೆ ಸಂಭಾಷಣೆಕಾರರಿಗೆ ಕೈಗೆಟುಕುವ ದೂರದಲ್ಲೇ ಇದೆ. ಆದರೆ ಅದೇ ಪುರಾಣದಲ್ಲಿ ಅಷ್ಟಾವಕ್ರನೂ ಇದ್ದಾನೆ. ಜನಕನ ಸಭೆ ಅವನ ಎಂಟು ಡೊಂಕು ಕಂಡು ನಕ್ಕಾಗ ಅವನೂ ನಕ್ಕು, ಮೈ ನೋಡಿ ಅಳೆಯುವವರು ಜ್ಞಾನಿಗಳಾದದ್ದು ಹೇಗೆ ಎಂದು ಕೇಳಿದ ಕಥೆ ಎಲ್ಲರಿಗೂ ಗೊತ್ತು. ನಮ್ಮ ಮನರಂಜನೆ ಮಂಥರೆಯನ್ನು ನೂರು ಸಲ ಎತ್ತಿಕೊಂಡಿತು, ಅಷ್ಟಾವಕ್ರನನ್ನು ಬಿಟ್ಟುಬಿಟ್ಟಿತು.

ಕೋಲು ಹಿಡಿಯುವ ರೀತಿ

ಈಗ ವಿವರಕ್ಕೆ ಬರೋಣ. ತಪ್ಪುಗಳನ್ನು ಹೆಸರಿಟ್ಟು ಹೇಳದೆ ತಿದ್ದುವುದು ಸಾಧ್ಯವಿಲ್ಲ.

ಅಂಧತ್ವವೆಂದರೆ ಪೂರ್ತಿ ಕತ್ತಲೆ ಎಂಬುದು ಮೊದಲ ತಪ್ಪು. ದೃಷ್ಟಿದೋಷ ಇರುವವರಲ್ಲಿ ಹೆಚ್ಚಿನವರಿಗೆ ಬೆಳಕು, ನೆರಳು, ಬಣ್ಣ, ಆಕಾರ ಹೀಗೆ ಏನಾದರೊಂದು ಕಾಣುತ್ತದೆ. ಕೆಲವರಿಗೆ ನಡುವೆ ಕಂಡು ಅಂಚು ಕಾಣದು, ಕೆಲವರಿಗೆ ಇದರ ತಿರುಗಾಮುರುಗಾ. ಕನ್ನಡಕ ಹಾಕುವವರು ಬೆಳಕು ಚುಚ್ಚುತ್ತದೆಂದು ಹಾಕುತ್ತಾರೆ ಅಥವಾ ಕಣ್ಣಿಗೆ ಧೂಳು, ಕೊಂಬೆ ತಾಗದಿರಲೆಂದು. ಹಾಕದವರು ಬೇಕಾದಷ್ಟು ಮಂದಿ. ಮಾತನಾಡುವವರ ದನಿ ಬಂದ ಕಡೆಗೆ ಮುಖ ತಿರುಗಿಸುವುದು ಸಹಜ ಅಭ್ಯಾಸ. ರೆಪ್ಪೆ ಹೊಡೆಯದೆ ಚಾವಣಿ ನೋಡುವುದು ನಟರ ಅಭ್ಯಾಸ.

ಬಿಳಿ ಕೋಲು ಊರುಗೋಲಲ್ಲ. ನೆಲದಿಂದ ಎದೆಯ ನಡುಮೂಳೆಯವರೆಗೆ ಅಥವಾ ಅದಕ್ಕಿಂತ ಎತ್ತರವಿರುತ್ತದೆ. ಹಿಡಿಕೆಯನ್ನು ಹೊಟ್ಟೆಯ ಮುಂದೆ ಹಿಡಿದು, ತುದಿಯನ್ನು ಭುಜದಗಲಕ್ಕಿಂತ ತುಸು ಹೆಚ್ಚು ಜಾಗದಲ್ಲಿ ಎಡಕ್ಕೂ ಬಲಕ್ಕೂ ಆಡಿಸಬೇಕು. ಎಡಗಾಲು ಮುಂದಿಡುವಾಗ ತುದಿ ಬಲಗಡೆ ಇರಬೇಕು, ಬಲಗಾಲು ಮುಂದಿಡುವಾಗ ಎಡಗಡೆ. ಏಕೆಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಪರೀಕ್ಷಿಸಿರಬೇಕು. ನಟ ಕೋಲನ್ನು ನೇರವಾಗಿ ಊರಿ ಭಾರ ಹಾಕಿದರೆ, ಕೋಲು ಬಳಸುವ ಯಾರಿಗೇ ಆದರೂ ಅದು ತಬಲಾ ಗೊತ್ತಿಲ್ಲದವನು ತಬಲಾ ಬಾರಿಸಿದಂತೆ ಕೇಳಿಸುತ್ತದೆ. ಇದನ್ನು ಕಲಿಯಲು ಕಣ್ಣು ಕಟ್ಟಿಕೊಂಡು ಅಭ್ಯಾಸ ಮಾಡುವ ನಟರಿದ್ದಾರೆ. ಅದರಲ್ಲೊಂದು ಮೋಸವಿದೆ. ಕಣ್ಣು ಕಟ್ಟಿದ ಮೊದಲ ದಿನ ಬರುವುದು ಗಾಬರಿ. ನಟ ಆ ಗಾಬರಿಯನ್ನೇ ಅಂಧತ್ವ ಎಂದು ತಿಳಿದು ಇಪ್ಪತ್ತು ವರ್ಷದಿಂದ ಕೋಲು ಹಿಡಿದು ಓಡಾಡುವ ಪಾತ್ರಕ್ಕೆ ಹಾಕುತ್ತಾನೆ. ಕಲಿಯಬೇಕಾದದ್ದು ಕೋಲು ಬಳಸುವವರ ನಿರಾಳತೆಯನ್ನು.

ಜೊತೆಯಲ್ಲಿ ನಡೆಯುವ ದೃಶ್ಯಗಳಲ್ಲಿ ನಾಯಕ ಅಂಧ ಪಾತ್ರದ ಕೈ ಹಿಡಿದು ಎಳೆಯುತ್ತಾನೆ ಅಥವಾ ಬೆನ್ನಿಗೆ ಕೈಕೊಟ್ಟು ತಳ್ಳುತ್ತಾನೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧ. ಕಾಣದವರು ಕಾಣುವವರ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ಆಗ ಮೆಟ್ಟಿಲು ಬಂದರೆ ಮುಂದಿನವರ ಕೈ ಏರಿಳಿಯುವುದರಿಂದಲೇ ತಿಳಿಯುತ್ತದೆ, ಹಿಡಿತ ಬಿಡುವ ಅಧಿಕಾರ ಕಾಣದವರ ಕೈಯಲ್ಲೇ ಉಳಿಯುತ್ತದೆ. ಇನ್ನು ಪ್ರೀತಿಯ ದೃಶ್ಯದಲ್ಲಿ ಮುಖ ಸವರಿ ಗುರುತಿಸುವುದು. ಅಂಧರು ಜನರನ್ನು ಗುರುತಿಸುವುದು ದನಿಯಿಂದ. ಬೇರೆಯವರ ಮುಖ ತಡವಿ ನೋಡುವ ಪದ್ಧತಿ ಸಿನಿಮಾದ ಹೊರಗೆ ಬಹಳ ಅಪರೂಪ. ಮೊಬೈಲಿನ ವಿಷಯದಲ್ಲಂತೂ ಕಥೆಗಾರರು ಕಾಲದಲ್ಲಿ ಬಹಳ ಹಿಂದಿದ್ದಾರೆ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್, ಐಫೋನಿನ ವಾಯ್ಸ್‌ಓವರ್, ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ತೆರೆಯಲ್ಲಿರುವುದನ್ನು ಓದಿ ಹೇಳುತ್ತವೆ, ಕನ್ನಡದಲ್ಲೂ. ಅನುಭವಿಗಳು ಓದುವ ವೇಗವನ್ನು ಹೊಸಬರಿಗೆ ಒಂದು ಪದವೂ ಸಿಗದಷ್ಟು ಏರಿಸಿಕೊಂಡಿರುತ್ತಾರೆ. ಪತ್ರ ಓದಲು ಪಕ್ಕದ ಮನೆಯವರನ್ನು ಕಾಯುವ ಅಂಧ ನಾಯಕಿ 2020ರ ದಶಕದ ಕಥೆಯಲ್ಲಿ ನಂಬಿಕೆಗೆ ನಿಲ್ಲುವುದಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಮಾತು ಹೇಳಲೇಬೇಕು. ಅಂಧನೆಂದರೆ ಹಾಡುಗಾರ ಎಂಬ ಸಮೀಕರಣ ನಮ್ಮಲ್ಲಿ ಗಟ್ಟಿ. ಅದರ ಹಿಂದೆ ನಿಜವಾದ, ದೊಡ್ಡ ಪರಂಪರೆಯೊಂದಿದೆ. ಗದಗದ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಇಬ್ಬರಿಗೂ ಕಣ್ಣಿರಲಿಲ್ಲ. ಆಶ್ರಮ ಸಂಗೀತ ಶಾಲೆ ನಡೆಸಿತು, ನಾಟಕ ಕಂಪನಿಯನ್ನೂ ನಡೆಸಿತು. ಪುಟ್ಟರಾಜರು ನಾಟಕ ಬರೆದರು, ಅನೇಕ ವಾದ್ಯ ನುಡಿಸಿದರು, 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಸಿನಿಮಾ ಈ ಪರಂಪರೆಯಿಂದ ತೆಗೆದುಕೊಂಡದ್ದು ಮಾತ್ರ ಒಂದೇ ತೀರ್ಮಾನ: ಕಣ್ಣು ಕಿತ್ತುಕೊಂಡ ದೇವರು ಕಂಠ ಕೊಟ್ಟ. ಅಲ್ಲಿ ಇದ್ದದ್ದು ಗುರುವಿನ ಮುಂದೆ ಕೂತು ವರ್ಷಗಟ್ಟಲೆ ಮಾಡಿದ ಅಭ್ಯಾಸ, ವಸತಿ, ಊಟ, ಪಾಠದ ಕ್ರಮ, ಅದಕ್ಕಾಗಿ ಊರೂರು ತಿರುಗಿ ಎತ್ತಿದ ಭಿಕ್ಷೆ. ಇದನ್ನು ವರವೆಂದು ಕರೆದರೆ ಆ ದುಡಿಮೆ ಅಳಿಸಿಹೋಗುತ್ತದೆ, ಹಾಡಲು ಬಾರದ ಅಂಧ ಹುಡುಗನ ಮೇಲೆ ಹೊಸದೊಂದು ಹೊರೆ ಬೀಳುತ್ತದೆ.

ಕೈ ಮಾತಾಡುವಾಗ ಕ್ಯಾಮೆರಾ ಎಲ್ಲಿರಬೇಕು

ಕಿವಿ ಕೇಳದ ಪಾತ್ರಗಳಲ್ಲಿ ತಪ್ಪು ಹೆಚ್ಚಾಗಿ ಬರುವುದು ಛಾಯಾಗ್ರಹಣ ಮತ್ತು ಸಂಕಲನದಲ್ಲಿ. ಭಾರತೀಯ ಸಂಜ್ಞಾ ಭಾಷೆ ತನ್ನದೇ ವ್ಯಾಕರಣವಿರುವ ಭಾಷೆ. ಕನ್ನಡ ವಾಕ್ಯದ ಒಂದೊಂದು ಪದಕ್ಕೆ ಒಂದೊಂದು ಸನ್ನೆ ಹಚ್ಚಿದರೆ ಅದು ಆಗುವುದಿಲ್ಲ. ಪ್ರಶ್ನಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ಹುಬ್ಬು ಮತ್ತು ಮುಖದ ಚಲನೆ ಭಾವ ತೋರಿಸುವುದರ ಜೊತೆಗೆ ವ್ಯಾಕರಣದ ಕೆಲಸವನ್ನೂ ಮಾಡುತ್ತದೆ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರ ವೇಳೆಗೆ 10,000 ಪದಗಳ ನಿಘಂಟು ಹೊರತಂದಿದೆ. ಹಾಗಿದ್ದೂ ತೆರೆಯ ಮೇಲೆ ಕೈ ಬೀಸಾಟ ನಿಂತಿಲ್ಲ. ನಟ ಆ ಕ್ಷಣಕ್ಕೆ ತೋಚಿದ್ದನ್ನು ಮಾಡುತ್ತಾನೆ, ಕಿವಿ ಕೇಳುವ ಪ್ರೇಕ್ಷಕರಿಗೆ ಅದೂ ಸಂಜ್ಞಾ ಭಾಷೆಯಂತೆಯೇ ಕಾಣುತ್ತದೆ.

ಸಂಜ್ಞೆ ಸರಿ ಇದ್ದರೂ ದೃಶ್ಯ ಕೆಡಬಹುದು. ಭಾವುಕ ಸಂಭಾಷಣೆಗೆ ಕ್ಲೋಸಪ್ ಹಾಕುವುದು ಎಲ್ಲರ ರೂಢಿ. ಪಾತ್ರ ಕೈಯಲ್ಲಿ ಮಾತಾಡುತ್ತಿರುವಾಗ ಮುಖಕ್ಕೆ ಕ್ಲೋಸಪ್ ಹಾಕಿದರೆ ಮಾತೇ ಚೌಕಟ್ಟಿನ ಹೊರಗೆ ಹೋಯಿತು. ಸೊಂಟದಿಂದ ತಲೆಯ ಮೇಲಿನ ಸ್ವಲ್ಪ ಜಾಗದವರೆಗೆ, ಎರಡೂ ಮೊಣಕೈ ಹಿಡಿಸುವಷ್ಟು ಅಗಲದ ಶಾಟ್ ಬೇಕು. ವಾಕ್ಯ ಮುಗಿಯುವ ಮುನ್ನ ಎದುರಿನವರ ರಿಯಾಕ್ಷನ್‌ಗೆ ಕತ್ತರಿಸಬಾರದು. ಧ್ವನಿಯ ಮಾತಿನಲ್ಲಿ ಹಾಗೆ ಕತ್ತರಿಸಿದರೂ ಮಾತು ಕೇಳುತ್ತಲೇ ಇರುತ್ತದೆ, ಕೈಯ ಮಾತು ಅಲ್ಲಿಗೇ ತುಂಡಾಗುತ್ತದೆ. ಬೆನ್ನ ಹಿಂದೆ ಕಿಟಕಿಯ ಬೆಳಕು ಬಿದ್ದರೆ ಕೈ ಕಪ್ಪಾಗಿ ಬೆರಳು ಬೇರೆಯಾಗಿ ಕಾಣುವುದಿಲ್ಲ. ಮೈಬಣ್ಣಕ್ಕೂ ಅಂಗಿಯ ಬಣ್ಣಕ್ಕೂ ಎದ್ದುಕಾಣುವ ವ್ಯತ್ಯಾಸ ಇರಲಿ. ಇಷ್ಟನ್ನು ಪಾಲಿಸಲು ಹೆಚ್ಚು ಖರ್ಚಿಲ್ಲ, ಶಾಟ್ ವಿಂಗಡಿಸುವಾಗಲೇ ಗೊತ್ತಿರಬೇಕು. ಡಬ್ಬಿಂಗ್ ಕೋಣೆಯಲ್ಲಿ ಇದನ್ನು ಸರಿಪಡಿಸಲಾಗದು.

ತುಟಿ ನೋಡಿ ಎಲ್ಲ ಮಾತನ್ನೂ ತಿಳಿದುಕೊಳ್ಳುವ ಪತ್ತೇದಾರಿ ಪಾತ್ರವೂ ಇದೇ ಅಜ್ಞಾನದ ಇನ್ನೊಂದು ಮುಖ. ಕನ್ನಡದಲ್ಲೇ ಪರೀಕ್ಷೆ ಮಾಡಿ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ಪಡಿ, ಬಡಿ, ಮಡಿ ಎನ್ನಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ, ಹ ಹುಟ್ಟುವುದು ಬಾಯಿಯ ಹಿಂಭಾಗದಲ್ಲೋ ಗಂಟಲಲ್ಲೋ, ತುಟಿಯಲ್ಲಿ ಅವುಗಳ ಸುಳಿವೇ ಇಲ್ಲ. ತುಟಿ ಓದುವವರು ಸಂದರ್ಭದಿಂದ ಊಹಿಸುತ್ತಾರೆ. ಎದುರಿನವರು ತಿರುಗಿದರೆ, ಮೀಸೆ ದಪ್ಪವಿದ್ದರೆ, ಬಾಯಲ್ಲಿ ಎಲೆಯಡಿಕೆ ಇದ್ದರೆ ಅದೂ ನಿಲ್ಲುತ್ತದೆ. ಹಾಗೆಯೇ ಕಿವಿಯೊಳಗೆ ಅಳವಡಿಸುವ ಶ್ರವಣ ಯಂತ್ರವಾದ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದ ಕೂಡಲೇ ಮಗು "ಅಮ್ಮಾ" ಎನ್ನುವ ದೃಶ್ಯ. ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ಮೇಲೆ ಯಂತ್ರ ಚಾಲೂ ಮಾಡುತ್ತಾರೆ. ಆಮೇಲೆ ಕೇಳಿದ ಸದ್ದನ್ನು ಮಾತೆಂದು ಗುರುತಿಸಲು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ತರಬೇತಿ ಬೇಕು. ಇದನ್ನು ತಿಳಿಯಲು ಕನ್ನಡ ಚಿತ್ರತಂಡ ದೂರ ಹೋಗಬೇಕಿಲ್ಲ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ.

ತೊದಲುವಿಕೆಯನ್ನು ಬರೆಯುವವರು ಪ್ರತಿ ಪದದ ಮೊದಲ ಅಕ್ಷರವನ್ನು ಮೂರು ಸಲ ಬರೆದು ಮುಗಿಸುತ್ತಾರೆ. ನಿಜದಲ್ಲಿ ಅಕ್ಷರ ಮರುಕಳಿಸುವುದು ಒಂದು ರೂಪ ಮಾತ್ರ. ಸ್ವರ ಎಳೆಯುವುದು ಇನ್ನೊಂದು, ಮಾತು ಪೂರ್ತಿ ಕಟ್ಟಿಹೋಗಿ ಮೌನ ಬರುವುದು ಮತ್ತೊಂದು. ಅದು ದಿನದಿಂದ ದಿನಕ್ಕೆ, ಎದುರಿಗಿರುವವರಿಂದ ಎದುರಿಗಿರುವವರಿಗೆ ಬದಲಾಗುತ್ತದೆ. ಹಾಡುವಾಗ ಸಾಮಾನ್ಯವಾಗಿ ಇರುವುದಿಲ್ಲ. ಅಂಜುಬುರುಕತನ ಅದರ ಕಾರಣವಲ್ಲ. ಆದ್ದರಿಂದ ಕೊನೆಯ ದೃಶ್ಯದಲ್ಲಿ ಧೈರ್ಯ ಬಂದೊಡನೆ ತೊದಲು ಮಾಯವಾಗುವುದು ಸುಳ್ಳು. ಆ ಸುಳ್ಳನ್ನು ಶಾಲೆಯಲ್ಲಿ ಓದುತ್ತಿರುವ ಮಗು "ನೀನು ಹೆದರುಪುಕ್ಕಲ" ಎಂಬ ಬೈಗುಳವಾಗಿ ಕೇಳಿಸಿಕೊಳ್ಳಬೇಕಾಗುತ್ತದೆ.

ಮಾನಸಿಕ ಕಾಯಿಲೆಯ ಚಿತ್ರಣದಲ್ಲಿ ಹಾನಿ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಅದು ಜನರನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ. ಎಚ್ಚರವಿರುವ ರೋಗಿಯನ್ನು ಮಂಚಕ್ಕೆ ಬಿಗಿದು ಕರೆಂಟು ಕೊಡುವ ದೃಶ್ಯ ನಮ್ಮ ಪ್ರೇಕ್ಷಕರಿಗೆ ಎಷ್ಟು ಪರಿಚಿತ ಎಂದರೆ ವೈದ್ಯರು ಚಿಕಿತ್ಸೆಯ ಹೆಸರೆತ್ತಿದರೂ ಮನೆಯವರು ಬೆಚ್ಚುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಈ ಚಿಕಿತ್ಸೆ ಕೊಡುವುದನ್ನೇ ನಿಷೇಧಿಸಿದೆ, ಸರಪಳಿ ಹಾಕುವುದನ್ನೂ ನಿಷೇಧಿಸಿದೆ. ಸ್ಕಿಜೋಫ್ರೇನಿಯಾ ಎಂದರೆ ಒಂದು ದೇಹದಲ್ಲಿ ಇಬ್ಬರು ಎಂದು ತೋರಿಸುವುದು, ತಲೆಗೆ ಎರಡನೇ ಪೆಟ್ಟು ಬಿದ್ದು ನೆನಪು ಮರಳುವುದು ಎಲ್ಲವೂ ಇದೇ ಸಾಲಿನವು.

ನಗು ಯಾರ ಮೇಲೆ?

"ಹಾಗಾದರೆ ತಮಾಷೆಯನ್ನೇ ಮಾಡಬಾರದೆ?" ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಇದಕ್ಕೆ ಸುಪ್ರೀಂ ಕೋರ್ಟ್ 2024ರ ಜುಲೈ 8ರಂದು ಕೊಟ್ಟ ಉತ್ತರ ಸ್ಪಷ್ಟವಾಗಿದೆ. 'ಆಂಖ್ ಮಿಚೋಲಿ' ಎಂಬ ಹಿಂದಿ ಚಿತ್ರ ಇರುಳುಗುರುಡು, ಮರೆವಿನ ಕಾಯಿಲೆ, ಕಿವುಡು, ತೊದಲು ಇವನ್ನೆಲ್ಲ ಹಾಸ್ಯದ ಸರಕು ಮಾಡಿಕೊಂಡಿದೆ ಎಂದು ಅಂಗವೈಕಲ್ಯವುಳ್ಳವರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಮೊಕದ್ದಮೆ ಹೂಡಿದ್ದರು. ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠ ಆ ಚಿತ್ರಕ್ಕೆ ಕೊಟ್ಟ ಪ್ರಮಾಣಪತ್ರದಲ್ಲಿ ಕೈಹಾಕಲಿಲ್ಲ, ದೃಶ್ಯ ಕತ್ತರಿಸಿ ಎನ್ನಲಿಲ್ಲ. ಬದಲಿಗೆ ಎರಡು ಬಗೆಯ ಹಾಸ್ಯವನ್ನು ಬೇರೆ ಮಾಡಿತು: ವ್ಯಕ್ತಿಯನ್ನು ಕುಗ್ಗಿಸುವ ಹಾಸ್ಯ ಒಂದು, ಅಂಗವೈಕಲ್ಯದ ಬಗ್ಗೆ ಜನರ ತಿಳಿವಳಿಕೆಯನ್ನು ಪ್ರಶ್ನಿಸುವ ಹಾಸ್ಯ ಇನ್ನೊಂದು. ಜೊತೆಗೆ ಮಾರ್ಗಸೂತ್ರಗಳನ್ನು ಕೊಟ್ಟಿತು. ಹೀನಾಯ ಪದ ಬಳಸಬೇಡಿ. "ನರಳುತ್ತಿರುವ", "ಬಲಿಪಶು" ಎಂಬಂಥ, ಇಡೀ ಸಮಸ್ಯೆಯನ್ನು ವ್ಯಕ್ತಿಯ ಮೈಗೆ ಅಂಟಿಸುವ ಮಾತು ಬಿಡಿ. ಕಾಯಿಲೆಯ ವೈದ್ಯಕೀಯ ವಿವರ ಸರಿಯಾಗಿ ತಿಳಿದುಕೊಳ್ಳಿ. ಒಂದು ಇಂದ್ರಿಯ ಹೋದರೆ ಉಳಿದವು ಅತಿಮಾನುಷವಾಗುತ್ತವೆ ಎಂಬ ಮಿಥ್ಯೆ ಹಬ್ಬಿಸಬೇಡಿ. ಅವರನ್ನು ಬಿಟ್ಟು ಅವರ ಬಗ್ಗೆ ತೀರ್ಮಾನ ಮಾಡಬೇಡಿ.

ವ್ಯತ್ಯಾಸವನ್ನು ದೃಶ್ಯದಲ್ಲೇ ನೋಡೋಣ. ಕಿವಿ ಕೇಳದ ಅಜ್ಜ "ಎಮ್ಮೆ" ಎಂದದ್ದನ್ನು "ಅಮ್ಮ" ಎಂದು ಕೇಳಿಸಿಕೊಂಡು ರಂಪ ಮಾಡುವುದು ಕಂಪನಿ ನಾಟಕದ ಕಾಲದ ಹಾಸ್ಯ. ನಗು ಅಜ್ಜನ ಮೇಲೆ. ಅದೇ ಅಜ್ಜ ತಾಲ್ಲೂಕು ಕಚೇರಿಗೆ ಹೋಗುತ್ತಾನೆ. ಗುಮಾಸ್ತ ಗಾಜಿನ ಹಿಂದೆ ತಲೆ ಬಗ್ಗಿಸಿಕೊಂಡು ಗೊಣಗುತ್ತಾನೆ, ಅರ್ಥವಾಗಲಿಲ್ಲವೆಂದರೆ ಅದನ್ನೇ ಇನ್ನೂ ಗಟ್ಟಿಯಾಗಿ ಕಿರುಚುತ್ತಾನೆ, ಆಮೇಲೆ ಸಾಲಿನಲ್ಲಿರುವ ಎಲ್ಲರೂ ಸೇರಿ ಕಿರುಚುತ್ತಾರೆ. ಅಜ್ಜ ಜೇಬಿನಿಂದ ಪೆನ್ನು ತೆಗೆದು ಕಿಂಡಿಯೊಳಗೆ ತೂರಿಸುತ್ತಾನೆ. ಇದರಲ್ಲೂ ನಗುವಿದೆ, ಮೊದಲಿನದಕ್ಕಿಂತ ಹೆಚ್ಚೇ ಇದೆ. ಈ ಸಲ ನಗು ಕಚೇರಿಯ ಮೇಲೆ. ಇನ್ನೊಂದು: ಕರೆಂಟು ಹೋಗಿ ಮನೆಯವರೆಲ್ಲ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಿರುವಾಗ ಅಂಧ ಅತ್ತಿಗೆ ಸಲೀಸಾಗಿ ಕಾಫಿ ಸೋಸಿ ತರುತ್ತಾಳೆ. ಅದು ಪವಾಡವಾಗಬಾರದು. ಡಬ್ಬಿಗಳನ್ನು ಒಂದೇ ಜಾಗದಲ್ಲಿ ಇಡುವ ಅವಳ ಶಿಸ್ತನ್ನು ಹಿಂದಿನ ದೃಶ್ಯದಲ್ಲಿ ತೋರಿಸಿದ್ದರೆ, ಅದನ್ನು ಕೆಡಿಸುವ ಮೈದುನನ ಜೊತೆ ಅವಳ ಜಗಳ ತೋರಿಸಿದ್ದರೆ, ಈ ನಗು ಗಳಿಸಿಕೊಂಡದ್ದಾಗುತ್ತದೆ.

ಪದಗಳ ಬಗ್ಗೆಯೂ ಇದೇ ಅಳತೆ. ಹಳ್ಳಿಯ ಪಾತ್ರವೊಂದು "ಕುಂಟ" ಎಂದು ಕರೆಯಬಹುದು, ಊರಲ್ಲಿ ಹಾಗೆ ಕರೆಯುವವರು ಇದ್ದಾರೆ. ಕರೆಸಿಕೊಂಡವನು ಏನು ಮಾಡಿದ, ಚಿತ್ರ ಯಾರ ಪಕ್ಕ ನಿಂತಿತು ಎಂಬುದು ಮುಖ್ಯ. ನಿರೂಪಕರ ಮಾತಿನಲ್ಲಿ, ಜಾಹೀರಾತಿನಲ್ಲಿ, ಸಬ್‌ಟೈಟಲ್‌ನಲ್ಲಿ ಮಾತ್ರ ಆ ಪದಕ್ಕೆ ಯಾವ ನೆಪವೂ ಇಲ್ಲ. ಡಬ್ಬಿಂಗ್‌ನಲ್ಲಿ ಈ ಪದಗಳು ನುಸುಳಲು ಒಂದು ತಾಂತ್ರಿಕ ಕಾರಣವೂ ಇದೆ. ಮೂಲ ನಟನ ತುಟಿ ಎರಡು ಸಲ ಮಾತ್ರ ಅಲುಗಿದ್ದರೆ "ನಡೆಯಲಾಗದವರು" ಹಿಡಿಸುವುದಿಲ್ಲ, "ಕುಂಟ" ಹಿಡಿಸುತ್ತದೆ. ಅಂಥ ಕಡೆ ಹೆಸರು ಹಿಡಿದು ಕರೆಯಿಸುವುದು ಸುಲಭದ ದಾರಿ. ಕರ್ನಾಟಕ ಸರ್ಕಾರ ಬಳಸುವ 'ವಿಕಲಚೇತನ', ಕೇಂದ್ರ ಬಳಸುವ 'ದಿವ್ಯಾಂಗ' ಎರಡೂ ಗೌರವ ಕೊಡಲೆಂದೇ ಬಂದವು. ಆದರೆ ಮೊದಲನೆಯದು ಕೊರತೆಯನ್ನು ಅಂಗದಿಂದ ಚೇತನಕ್ಕೆ ದಾಟಿಸುತ್ತದೆ, ಎರಡನೆಯದು ಮತ್ತೆ ದೇವರ ವರದ ಕಡೆಗೆ ಹೋಗುತ್ತದೆ. 'ಕಣ್ಣು ಕಾಣದವರು', 'ಗಾಲಿಕುರ್ಚಿ ಬಳಸುವವರು' ಎಂದು ಇದ್ದದ್ದನ್ನು ಇದ್ದಂತೆ ಹೇಳುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಅಂಗವೈಕಲ್ಯವುಳ್ಳವರ ಅಪಹಾಸ್ಯದ ಬಗ್ಗೆ ಸೆನ್ಸಾರ್ ಮಂಡಳಿ ಎಚ್ಚರ ವಹಿಸಬೇಕೆಂದು 1991ರ ಮಾರ್ಗಸೂಚಿಯಲ್ಲೇ ಇದೆ. 2016ರ ಕಾಯ್ದೆಯ 92ನೇ ಕಲಮು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆ, ಜೊತೆಗೆ ದಂಡ ಎನ್ನುತ್ತದೆ. ಆದರೆ "ಬೇಕೆಂದೇ" ಎಂಬುದನ್ನು ಸಾಬೀತು ಮಾಡುವುದು ಕಷ್ಟ, ಮೇಲೆ ಹೇಳಿದ ಕಾರಣಕ್ಕೇ: ಇಲ್ಲಿ ಹೆಚ್ಚಿನ ತಪ್ಪು ಬೇಕೆಂದು ಆದದ್ದಲ್ಲ. ಸೆನ್ಸಾರ್ ಒಂದು ಪದವನ್ನು ಮ್ಯೂಟ್ ಮಾಡಿಸಬಹುದು. ಪಾತ್ರಕ್ಕೆ ಓದು, ಕೆಲಸ, ಸಿಟ್ಟು ಕೊಡಲು ಅದಕ್ಕೆ ಆಗುವುದಿಲ್ಲ.

ದೂರು ಕೊಡುವವರು ದಾರಿ ತಿಳಿದಿದ್ದರೆ ಒಳ್ಳೆಯದು. ಚಿತ್ರಮಂದಿರದ ಸಿನಿಮಾಕ್ಕೆ ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ. ಟಿವಿ ಮನರಂಜನೆಗೆ ಮೊದಲು ವಾಹಿನಿ, ಆಮೇಲೆ ಪ್ರಸಾರಕರೇ ರಚಿಸಿಕೊಂಡಿರುವ ದೂರು ಮಂಡಳಿಯಾದ ಬಿಸಿಸಿಸಿ. ಒಟಿಟಿಗೆ ಸೆನ್ಸಾರ್ ಇಲ್ಲ. 2021ರ ನಿಯಮದ ಪ್ರಕಾರ ವೇದಿಕೆಯ ದೂರು ಅಧಿಕಾರಿ 15 ದಿನದೊಳಗೆ ತೀರ್ಮಾನ ಹೇಳಬೇಕು. "ಚಿತ್ರ ನಮಗೆ ಅವಮಾನ ಮಾಡಿದೆ" ಎಂಬ ಪತ್ರಕ್ಕೆ ಬೆಲೆ ಸಿಗುವುದಿಲ್ಲ. ಕಂತಿನ ಸಂಖ್ಯೆ, ದೃಶ್ಯ ಬರುವ ಗಂಟೆ-ನಿಮಿಷ-ಸೆಕೆಂಡು, ಸಂಭಾಷಣೆ ಇದ್ದ ಹಾಗೇ, ಯಾವ ನಿಯಮದ ಉಲ್ಲಂಘನೆ, ಏನು ಪರಿಹಾರ ಬೇಕು (ಪದ ತೆಗೆಯುವುದೋ, ಕ್ಷಮೆಯೋ, ತಿದ್ದಿದ ಸಬ್‌ಟೈಟಲೋ) ಇಷ್ಟನ್ನು ಒಂದು ಪುಟದಲ್ಲಿ ಬರೆದರೆ ಉತ್ತರಿಸದೆ ಇರುವುದು ಕಷ್ಟವಾಗುತ್ತದೆ.

ಸೆಟ್ಟಿಗೆ ಬರುವ ದಾರಿ

ಪಾತ್ರವನ್ನು ಯಾರು ಮಾಡಬೇಕು ಎಂಬ ಪ್ರಶ್ನೆಗೆ ಒಂದೇ ಕಥೆಯ ಎರಡು ಚಿತ್ರಗಳು ಒಳ್ಳೆಯ ಉದಾಹರಣೆ. ಕಿವುಡ ಕುಟುಂಬವೊಂದರ ಬಗೆಗಿನ 2014ರ ಫ್ರೆಂಚ್ ಚಿತ್ರದಲ್ಲಿ ತಂದೆತಾಯಿಯ ಪಾತ್ರ ಮಾಡಿದವರು ಕಿವಿ ಕೇಳುವ ನಟರು. ಅದನ್ನೇ ಅಮೆರಿಕದಲ್ಲಿ 'ಕೋಡಾ' ಹೆಸರಿನಲ್ಲಿ ಮತ್ತೆ ಮಾಡಿದಾಗ ಆ ಪಾತ್ರಗಳಿಗೆ ಕಿವುಡ ಕಲಾವಿದರನ್ನೇ ತೆಗೆದುಕೊಂಡರು. 2022ರಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು, ತಂದೆಯಾಗಿ ನಟಿಸಿದ ಟ್ರಾಯ್ ಕೋಟ್ಸರ್ ನಟನೆಗೆ ಆಸ್ಕರ್ ಪಡೆದ ಮೊದಲ ಕಿವುಡ ಪುರುಷರಾದರು. ನಮ್ಮಲ್ಲೂ 2025ರ ಹಿಂದಿ ಚಿತ್ರ 'ಸಿತಾರೆ ಜಮೀನ್ ಪರ್' ಹತ್ತು ಮಂದಿ ಬೌದ್ಧಿಕ ಅಂಗವೈಕಲ್ಯವಿರುವ ಕಲಾವಿದರನ್ನು ತೆರೆಗೆ ತಂದಿತು. ಅಂಥ ಕಲಾವಿದರು ಸಿಗುವುದಿಲ್ಲ ಎನ್ನುವ ಮೊದಲು ಅವರು ಸ್ಟುಡಿಯೋ ಒಳಗೆ ಬರಲು ಸಾಧ್ಯವೇ ಎಂದು ನೋಡಬೇಕು.

ಲೆಕ್ಕ ಸರಳ. ರ‍್ಯಾಂಪಿನ ಇಳಿಜಾರು 1:12 ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಎರಡು ಅಡಿ ಎತ್ತರದ ವೇದಿಕೆಗೆ 24 ಅಡಿ. ಮೂರು ಅಡಿ ಹಲಗೆ ಒರಗಿಸಿ ನಾಲ್ವರು ಹಿಡಿದು ಎತ್ತುವುದು ರ‍್ಯಾಂಪಲ್ಲ, ಅವಘಡ. ಮೆಟ್ಟಿಲಿಲ್ಲದ ಶೌಚಾಲಯ ಬೇಕು. ಸಾಮಾನ್ಯ ಕ್ಯಾರವಾನಿಗೆ ಮೂರು ಕಡಿದಾದ ಮೆಟ್ಟಿಲಿರುವುದರಿಂದ ನೆಲಮಟ್ಟದ ಮೇಕಪ್ ಕೋಣೆ ಬೇಕು. ಸಂಜ್ಞಾ ಭಾಷೆಯ ದುಭಾಷಿ ಒಬ್ಬರು ಸಾಲುವುದಿಲ್ಲ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗಬೇಕಾದ್ದರಿಂದ ಇಬ್ಬರು ಬೇಕು. "ಆ್ಯಕ್ಷನ್" ಕೂಗಿನ ಬದಲು ಕಣ್ಣಿಗೆ ಕಾಣುವ ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಗಾಲಿಕುರ್ಚಿ ಆಸ್ಪತ್ರೆಯಿಂದ ತಂದ ಮಡಿಚುವ ಕುರ್ಚಿಯಾದರೆ ದಿನಾ ಬಳಸುವ ಪಾತ್ರಕ್ಕೆ ಹೊಂದುವುದಿಲ್ಲ. ಬಳಸುವವರು ತಮ್ಮ ಅಳತೆಗೆ ಮಾಡಿಸಿಕೊಂಡಿರುತ್ತಾರೆ, ತಾವೇ ನೂಕಿಕೊಳ್ಳುತ್ತಾರೆ. ಕ್ಯಾಮೆರಾವನ್ನು ಕೂತವರ ಕಣ್ಣಿನ ಮಟ್ಟಕ್ಕೆ, ಸುಮಾರು ನಾಲ್ಕು ಅಡಿಗೆ ಇಳಿಸಿ. ನಿಂತವರ ಎತ್ತರದಿಂದಲೇ ಚಿತ್ರಿಸಿದರೆ ಸಂಭಾಷಣೆ ಎಷ್ಟೇ ಗೌರವದ್ದಾಗಿದ್ದರೂ ಶಾಟು ಆ ಪಾತ್ರವನ್ನು ಮೇಲಿಂದ ಕೆಳಗೆ ನೋಡುತ್ತದೆ.

ಸಲಹೆಗಾರರನ್ನು ಕರೆಯುವ ಚಿತ್ರತಂಡಗಳು ಈಗ ಇವೆ. ಅವರಲ್ಲಿ ಹೆಚ್ಚಿನವರು ಕರೆಯುವುದು ಚಿತ್ರೀಕರಣಕ್ಕೆ ಎರಡು ದಿನ ಮೊದಲು, ಕೋಲು ಹಿಡಿಯುವುದು ಕಲಿಸಲು. ಅಷ್ಟರಲ್ಲಿ ಕಥೆಯ ಬಾಗಿಲು ಮುಚ್ಚಿರುತ್ತದೆ. ಕರೆಯಬೇಕಾದದ್ದು ಒನ್‌ಲೈನ್ ಹಂತದಲ್ಲಿ, ಸಂಭಾವನೆ ಕೊಟ್ಟು, ಬೇಡವೆನ್ನುವ ಅಧಿಕಾರವನ್ನೂ ಕೊಟ್ಟು. ಆಗ ಕೇಳಬೇಕಾದ ಪ್ರಶ್ನೆಗಳು ದೊಡ್ಡವೇನಲ್ಲ. ಈ ಪಾತ್ರದ ಅಂಗವೈಕಲ್ಯ ತೆಗೆದರೆ ಇನ್ನೇನು ಉಳಿಯುತ್ತದೆ? ಅವಳಿಗೆ ಬೇಕಾದದ್ದು ಏನು, ಅದನ್ನು ಪಡೆಯಲು ಅವಳೇ ಏನು ಮಾಡುತ್ತಾಳೆ? ದೃಶ್ಯದಲ್ಲಿ ಅಡ್ಡ ಬಂದಿರುವುದು ಅವಳ ಕಣ್ಣೋ, ರಸ್ತೆಯ ಗುಂಡಿಯೋ? ಅಂಗವೈಕಲ್ಯವಿರುವ ಇನ್ನೊಂದು ಪಾತ್ರ ಕಥೆಯಲ್ಲಿದೆಯೇ? ಕೊನೆಯದು ಮುಖ್ಯ. ಒಬ್ಬಳೇ ಇದ್ದರೆ ಅವಳು ಎಲ್ಲ ಅಂಧರ ಪ್ರತಿನಿಧಿಯಾಗಬೇಕಾಗುತ್ತದೆ. ಇಬ್ಬರಿದ್ದರೆ ಒಬ್ಬಳು ಜಿಪುಣಿಯಾಗಬಹುದು, ಇನ್ನೊಬ್ಬ ಸೋಮಾರಿಯಾಗಬಹುದು.

ಕಡೆಯದಾಗಿ, ಈ ಪಾತ್ರಗಳನ್ನು ನೋಡುವವರ ವಿಷಯ. 2024ರ ಮಾರ್ಚ್ 15ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ ಚಿತ್ರಮಂದಿರದ ಸಿನಿಮಾಗಳಿಗೆ ಕಿವಿ ಕೇಳದವರಿಗಾಗಿ ಶೀರ್ಷಿಕೆ, ಕಣ್ಣು ಕಾಣದವರಿಗಾಗಿ ಧ್ವನಿ ವಿವರಣೆಯಂಥ ಅನುಕೂಲ ಇರಬೇಕೆಂದು ಹೇಳಿದೆ. ಧ್ವನಿ ವಿವರಣೆ ಬರೆಯುವವರು ಸಂಭಾಷಣೆಗಳ ನಡುವೆ ಸಿಗುವ ಎರಡು ಮೂರು ಸೆಕೆಂಡಿನಲ್ಲಿ ತೆರೆಯಲ್ಲಿ ಏನಾಗುತ್ತಿದೆ ಎಂದು ಹೇಳಿ ಮುಗಿಸಬೇಕು. ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ತಡಕಾಡುವ ಅಂಧ ತಂಗಿಯ ದೃಶ್ಯಕ್ಕೆ ಅವರು "ಕಪ್ಪು ಕನ್ನಡಕದ ಹುಡುಗಿ ಗಾಳಿಯಲ್ಲಿ ಕೈಯಾಡಿಸುತ್ತಾಳೆ, ಅಣ್ಣ ಅವಳ ಕೈ ಹಿಡಿದು ಎಳೆಯುತ್ತಾನೆ" ಎಂದು ಬರೆಯುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಆ ಮಾತು ಕೇಳಿಸಿಕೊಳ್ಳುವವಳು ಬಿಳಿ ಕೋಲನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು, ಒಬ್ಬಳೇ ಬಸ್ಸು ಹಿಡಿದು ಬಂದು, ಚಿತ್ರಮಂದಿರದ ಕುರ್ಚಿಯಲ್ಲಿ ಕೂತಿರುತ್ತಾಳೆ.